ಗರ್ಭಿಣಿಗೆ ಔಷಧ: ಬಿಡುವುದೂ ಒಂದು ನಿರ್ಧಾರವೇ

ಮನೆಯ ಸೊಸೆ ಬಸುರಾದ ಸುದ್ದಿ ತಿಳಿದೊಡನೆ ಹಿರಿಯರು ಆಡುವ ಮೊದಲ ಮಾತುಗಳಲ್ಲಿ, "ಇನ್ನ ಗುಳಿಗಿ-ಗಿಳಿಗಿ ಏನೂ ನುಂಗಬ್ಯಾಡವಾ" ಎಂಬುದೂ ಒಂದು. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಊರುಗಳಿಂದ ಚಿಕಿತ್ಸೆಗೆ ಬರುವವರ ಬಾಯಲ್ಲಿ ಈ ಮಾತನ್ನು ನಾನು ಮೂರು ದಶಕಗಳಿಗೂ ಮೀರಿ ಕೇಳುತ್ತ ಬಂದಿದ್ದೇನೆ. ಅದರ ಹಿಂದಿರುವುದು ಅಕ್ಕರೆ. ಆದರೆ ಅಕ್ಕರೆಯಿಂದ ಆಡಿದ ಮಾತೆಲ್ಲ ಹಿತವಾಗಿರಲೇಬೇಕೆಂದಿಲ್ಲ. ಅದೇ ಮನೆಯಲ್ಲಿ ತಲೆನೋವು ಬಂದರೆ ಅಂಗಡಿಯಿಂದ ಯಾವುದೋ ಗುಳಿಗೆ ತಂದು ಕೊಡುವುದೂ, ಸಂತೆಯಲ್ಲಿ ಮಾರುವ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಸುವುದೂ ಉಂಟು. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಔಷಧಕ್ಕೆ ಅಂಜಿಕೆ, ಯಾರೂ ಬರೆದುಕೊಡದ ಔಷಧಕ್ಕೆ ಸಲುಗೆ. ಇದು ನಮ್ಮ ಭಾಗದ ವಿಪರ್ಯಾಸ.

ಬರೆದುಕೊಟ್ಟ ಔಷಧವನ್ನು ಗರ್ಭಿಣಿ ಸೇವಿಸಬೇಕೆ, ಬಿಡಬೇಕೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದು ಆ ತಾಯಿಯ ರೋಗವನ್ನು, ಆ ಔಷಧವನ್ನು ಹಾಗೂ ಗರ್ಭದ ತಿಂಗಳನ್ನು ಅವಲಂಬಿಸಿದೆ. ಆದರೆ ಒಂದು ಸಂಗತಿಯನ್ನು ಸದ್ಭಕ್ತರು ಮೊದಲೇ ಮನಗಾಣಬೇಕು. ಔಷಧವನ್ನು ಸೇವಿಸುವುದು ಹೇಗೆ ಒಂದು ನಿರ್ಧಾರವೋ ಬಿಡುವುದೂ ಹಾಗೆಯೇ ಒಂದು ನಿರ್ಧಾರ. ಔಷಧವು ಶಿಶುವನ್ನು ಮುಟ್ಟುವಂತೆ, ಚಿಕಿತ್ಸೆಯಿಲ್ಲದೆ ಉಳಿದ ರೋಗವೂ ಶಿಶುವನ್ನು ಮುಟ್ಟುತ್ತದೆ.

ಶಾಸ್ತ್ರ ಹೇಳುವುದೇನು?

"ಗರ್ಭಿಣಿಗೆ ಔಷಧ ಕೊಡಬಾರದೆಂದು ನಿಮ್ಮ ಆಯುರ್ವೇದವೇ ಹೇಳುತ್ತದೆಯಲ್ಲ?" ಎಂದು ಕೇಳುವವರಿದ್ದಾರೆ. ಈ ತಿಳಿವಳಿಕೆ ಸರಿಯಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯನ್ನು ತುಂಬಿದ ಎಣ್ಣೆಯ ಪಾತ್ರೆಗೆ ಹೋಲಿಸಲಾಗಿದೆ. ಅಲುಗದಂತೆ, ತುಳುಕದಂತೆ ಅವಳನ್ನು ನೋಡಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಆದರೆ ಆ ಹೋಲಿಕೆ ಬರುವುದೇ ಗರ್ಭಿಣಿಯ ಚಿಕಿತ್ಸಾವಿಧಾನವನ್ನು ಹೇಳುವ ಸಂದರ್ಭದಲ್ಲಿ. ಅವಳಿಗೆ ವ್ಯಾಧಿ ಬಂದರೆ ಮೃದುವೂ ಮಧುರವೂ ಶೀತಲವೂ ಆದ ಔಷಧ, ಆಹಾರಗಳಿಂದ ಉಪಚರಿಸಬೇಕು. ವಮನ, ವಿರೇಚನ, ರಕ್ತಮೋಕ್ಷಣಗಳನ್ನು ಮಾಡಿಸಬಾರದು. ಎಂಟನೆಯ ತಿಂಗಳಿನಿಂದ ಮುಂದೆ, ತಡಮಾಡಲಾಗದ ಕಠಿಣ ವ್ಯಾಧಿ ಬಂದರೆ ವಮನಾದಿಗಳನ್ನೂ ಮೃದುರೂಪದಲ್ಲಿ ಬಳಸಬಹುದು ಎಂದು ಆಚಾರ್ಯರು ವಿಧಿಸಿದ್ದಾರೆ.

ಇದು ಔಷಧದ ನಿಷೇಧವಲ್ಲ, ಔಷಧದ ವಿವೇಕ. ರೋಗ ಎಷ್ಟು ತೀವ್ರವಾಗಿದೆ, ಗರ್ಭ ಎಷ್ಟು ತಿಂಗಳದ್ದು, ಔಷಧ ಎಷ್ಟು ತೀಕ್ಷ್ಣವಾದದ್ದು, ಅದಕ್ಕಿಂತ ಮೃದುವಾದುದು ಬೇರೊಂದಿದೆಯೆ ಎಂದು ತೂಗಿ ನೋಡಿ ಎಂಬುದೇ ಶಾಸ್ತ್ರದ ಆದೇಶ. ಇಂದಿನ ಪ್ರಸೂತಿ ತಜ್ಞರು ಮಾಡುವ ತೂಕವೂ ಇದೇ ಆಗಿದೆ. ಪದ್ಧತಿಗಳು ಬೇರೆಯಾದರೂ ಈ ವಿಷಯದಲ್ಲಿ ಜಗಳವಿಲ್ಲ.

ಭಯ ಹುಟ್ಟಿದ್ದು ಎಲ್ಲಿಂದ?

ಜನರ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಲಾಗದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆ ಮಾರಾಟಕ್ಕೆ ಬಂದಿತು. ಬಸಿರಿನ ವಾಕರಿಕೆಗೂ ಅದನ್ನು ಧಾರಾಳವಾಗಿ ಕೊಡಲಾಯಿತು. 1961ರ ನವೆಂಬರಿನಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ಬೆಳವಣಿಗೆಯಿಲ್ಲದೆ ಜನಿಸಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಸುರಕ್ಷತೆಗೆ ಸಾಕಷ್ಟು ಪುರಾವೆಯಿಲ್ಲವೆಂದು ಕಂಪನಿಯ ಒತ್ತಡಕ್ಕೆ ಮಣಿಯದೆ ಅನುಮತಿಯನ್ನು ತಡೆಹಿಡಿದುದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಗರ್ಭಿಣಿಗೆ ಕೊಡುವ ಔಷಧವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂಬ ಪಾಠವನ್ನು ಜಗತ್ತು ಕಲಿತದ್ದು ಆಗ.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಸಿರಿನ ವಾಂತಿಗೆಂದೇ ಡಾಕ್ಸಿಲಮೈನ್ ಮತ್ತು ಪೈರಿಡಾಕ್ಸಿನ್ ಎಂಬ ಎರಡು ದ್ರವ್ಯಗಳ ಗುಳಿಗೆ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಭಯ ಮತ್ತು ನ್ಯಾಯಾಲಯದ ದಾವೆಗಳ ಕಾರಣದಿಂದ 1983ರಲ್ಲಿ ತಯಾರಕರು ಅದನ್ನು ನಿಲ್ಲಿಸಿದರು. ಆದರೆ ಅನೇಕ ಅಧ್ಯಯನಗಳಲ್ಲಿ ಅದರಿಂದ ಶಿಶುವಿಗೆ ದೋಷ ಬರುವುದೆಂಬುದು ಸಿದ್ಧವಾಗಲಿಲ್ಲ. 2013ರಲ್ಲಿ ಅದೇ ಸಂಯೋಜನೆಗೆ ಆ ದೇಶ ಮರಳಿ ಒಪ್ಪಿಗೆ ನೀಡಿತು. ನಡುವಿನ ಮೂವತ್ತು ವರ್ಷ, ನೀರೂ ದಕ್ಕದೆ ಬಳಲಿದ ತಾಯಂದಿರಿಗೆ ಆ ಗುಳಿಗೆ ಅಲ್ಲಿ ದೊರೆಯಲಿಲ್ಲ. ಅಜಾಗರೂಕತೆಯಿಂದ ಹಾನಿಯಾಗುವಂತೆ ಅತಿಭಯದಿಂದಲೂ ಹಾನಿಯಾಗುತ್ತದೆ.

ನಮ್ಮ ನಾಡಿನಲ್ಲಿಯೇ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಅನಂತರ ಬಾಣಂತಿಯರು ಮೃತಪಟ್ಟರು. ನರಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂದೇಹ ಬಂದು ಸರಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಆ ನೋವನ್ನು ಯಾರೂ ಮರೆಯಲಾರರು. ಆದರೆ ಆ ಸಂದೇಹ ದ್ರಾವಣದ ತಯಾರಿಕೆ, ಪೂರೈಕೆಗಳಿಗೆ ಸಂಬಂಧಿಸಿದ್ದು. ಅದನ್ನು ನೆನೆದು ಮನೆಯಲ್ಲಿರುವ ರಕ್ತದೊತ್ತಡದ ಗುಳಿಗೆಯನ್ನು ಬಿಟ್ಟರೆ ಒಂದು ಸಂಕಟದ ಮೇಲೆ ಇನ್ನೊಂದು ಸಂಕಟವನ್ನು ತಂದುಕೊಂಡಂತೆ.

ಮೊದಲ ವಾರಗಳ ಮಹತ್ವ

ಗರ್ಭ ನಿಂತ ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಶಿಶುವಿನ ಹೃದಯ, ಮೆದುಳು, ಕೈಕಾಲು ಮುಂತಾದ ಅಂಗಗಳು ರೂಪುಗೊಳ್ಳುತ್ತವೆ. ಹಾನಿಕರ ಔಷಧಗಳು ಅಂಗವೈಕಲ್ಯವನ್ನುಂಟುಮಾಡುವ ಸಂಭವ ಹೆಚ್ಚಿರುವುದು ಈ ಅವಧಿಯಲ್ಲಿ. ಮುಟ್ಟು ನಿಂತಿತೆಂದು ತಿಳಿಯುವಷ್ಟರಲ್ಲಿ ಇದರ ಒಂದು ಭಾಗ ಕಳೆದುಹೋಗಿರುತ್ತದೆ. ಆದುದರಿಂದ ದೀರ್ಘಕಾಲದ ರೋಗಕ್ಕೆ ಔಷಧ ಸೇವಿಸುತ್ತಿರುವ ಹೆಣ್ಣುಮಗಳು ಗರ್ಭಿಣಿಯಾಗುವ ಮುನ್ನವೇ ವೈದ್ಯರನ್ನು ಕಾಣುವುದು ಉತ್ತಮ. ಬದಲಿಸಬೇಕಾದ ಔಷಧವನ್ನು ಆಗಲೇ ಬದಲಿಸಬಹುದು.

ಫೋಲಿಕ್ ಆಮ್ಲದ ಗುಳಿಗೆಯನ್ನು ಆರಂಭದಿಂದಲೇ ಕೊಡುವುದೂ ಇದೇ ಕಾರಣಕ್ಕೆ. ಶಿಶುವಿನ ಬೆನ್ನುಹುರಿಯ ನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಫೋಲಿಕ್ ಆಮ್ಲದಿಂದ ಈ ದೋಷವನ್ನು ಬಹುಪಾಲು ತಡೆಯಬಹುದೆಂಬುದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಿಂದ ಖಚಿತವಾಯಿತು.

ಈ ಗುಳಿಗೆಯನ್ನು "ಇಂಗ್ಲಿಷ್ ಔಷಧ" ಎಂದು ದೂರ ಸರಿಸುವವರು ಅದರ ಮೂಲವನ್ನು ತಿಳಿಯಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದು ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಮಾರಕ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ನಮ್ಮ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಯೀಸ್ಟಿನ ಸಾರವನ್ನು ಕೊಟ್ಟಾಗ ಆ ತಾಯಂದಿರು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ಗುಣಕಾರಿ ಅಂಶವೇ ಫೋಲೇಟ್. 1941ರಲ್ಲಿ ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಬಿಟ್ಟರೆ ಅಪಾಯ ತರುವ ಔಷಧಗಳು

ಕೆಲವು ವರ್ಷಗಳ ಹಿಂದೆ ಸಿಂದಗಿ ಭಾಗದ ಯುವತಿಯೊಬ್ಬಳು ಸುಟ್ಟ ಕೈಯೊಂದಿಗೆ ನನ್ನಲ್ಲಿಗೆ ಬಂದಳು. ಮೂರ್ಛೆರೋಗಕ್ಕೆ ನಿತ್ಯ ಗುಳಿಗೆ ಸೇವಿಸಿ ಬಹುಕಾಲ ನೆಮ್ಮದಿಯಾಗಿದ್ದವಳು. ಗರ್ಭಿಣಿಯಾದ ಮೇಲೆ ಮನೆಯವರು ಗುಳಿಗೆ ಬಿಡಿಸಿದರು. ಐದನೆಯ ತಿಂಗಳಲ್ಲಿ ರೊಟ್ಟಿ ಬಡಿಯುತ್ತ ಕುಳಿತಿದ್ದಾಗ ಮೂರ್ಛೆ ಬಂದು ಕೈ ಒಲೆಗೆ ಬಿದ್ದಿತು. ಅಂದೇ ಅವಳನ್ನು ವಿಜಯಪುರದ ತಜ್ಞರಲ್ಲಿಗೆ ಕಳುಹಿಸಿದೆ. ಅವರು ಗರ್ಭಕ್ಕೆ ಹೊಂದುವ ಔಷಧವನ್ನು ಆರಂಭಿಸಿದರು. ದಿನ ತುಂಬಿ ಆರೋಗ್ಯವಂತ ಮಗು ಹುಟ್ಟಿತು. ಮೂರ್ಛೆಯ ವೇಳೆ ತಾಯಿ ಬೀಳಬಹುದು, ಉಸಿರು ಕಟ್ಟಬಹುದು, ಶಿಶುವಿಗೆ ಪ್ರಾಣವಾಯು ಕಡಿಮೆಯಾಗಬಹುದು. ಈ ರೋಗದ ಔಷಧಗಳಲ್ಲಿ ವ್ಯಾಲ್ಪ್ರೊಯೇಟ್ ಎಂಬುದು ಶಿಶುವಿನ ಅಂಗರಚನೆಗೂ ಬುದ್ಧಿಯ ಬೆಳವಣಿಗೆಗೂ ಬಾಧಕವೆಂಬುದು ನಿಜ. ಆದರೆ ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್‌ಗಳಂಥ ಸುರಕ್ಷಿತತರ ಔಷಧಗಳಿವೆ. ಬದಲಿಸಬೇಕಾದವರು ತಜ್ಞರು, ಥಟ್ಟನೆ ನಿಲ್ಲಿಸುವುದು ಮಾತ್ರ ಯಾರಿಗೂ ತರವಲ್ಲ.

ರಕ್ತದೊತ್ತಡ 140/90ರ ಮೇಲೇರಿದರೆ ತಾಯಿಗೆ ನಂಜು ಏರಿ ಮೂರ್ಛೆ ಬರುವ, ಮಗು ಸೊರಗುವ ಭೀತಿಯಿದೆ. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ಗಳಂಥ ಗುಳಿಗೆಗಳು ಗರ್ಭಿಣಿಗೆ ಸಲ್ಲವು. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಸಲ್ಲುತ್ತವೆ.

ಥೈರಾಯ್ಡ್ ಕೊರತೆಯುಳ್ಳವರಿಗೆ ಗರ್ಭಕಾಲದಲ್ಲಿ ಗುಳಿಗೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಮೊದಲ ಮೂರು ತಿಂಗಳು ಶಿಶುವಿನ ಮೆದುಳಿಗೆ ಬೇಕಾದ ಈ ರಸ ತಾಯಿಯಿಂದಲೇ ದೊರೆಯಬೇಕು. ಈ ಗುಳಿಗೆಗೂ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೂ ನಾಲ್ಕು ತಾಸಿನ ಅಂತರವಿರಲಿ.

ಸಕ್ಕರೆ ಕಾಯಿಲೆಗೆ ಪಥ್ಯದಿಂದ ಹತೋಟಿ ಬಾರದಿದ್ದರೆ ಇನ್ಸುಲಿನ್ ಚುಚ್ಚುಮದ್ದು ಸುರಕ್ಷಿತ. "ಒಮ್ಮೆ ಚುಚ್ಚಿಸಿಕೊಂಡರೆ ಜೀವಮಾನವೆಲ್ಲ ಚುಚ್ಚಿಸಿಕೊಳ್ಳಬೇಕು" ಎಂಬ ಮಾತು ಗರ್ಭಕಾಲದಲ್ಲಿ ಮಾತ್ರ ತಲೆದೋರುವ ಸಕ್ಕರೆ ಕಾಯಿಲೆಗೆ ಅನ್ವಯಿಸದು. ಕ್ಷಯರೋಗದ ಮುಖ್ಯ ಗುಳಿಗೆಗಳನ್ನು ಗರ್ಭಿಣಿಯೂ ಪೂರ್ಣಾವಧಿ ಸೇವಿಸಬೇಕು. ಅಂದು ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮಾತ್ರ ಶಿಶುವಿನ ಕಿವಿಗೆ ಬಾಧಕ. ಎಚ್‌ಐವಿ ಸೋಂಕುಳ್ಳ ತಾಯಿ ಚಿಕಿತ್ಸೆ ಪಡೆಯದಿದ್ದರೆ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಕ್ರಮಬದ್ಧ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ. ದಮ್ಮಿನ ರೋಗಿ ಎಳೆದುಕೊಳ್ಳುವ ಔಷಧವನ್ನೂ ಮನೋರೋಗಿ ತನ್ನ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ಬಿಡಬಾರದು.

ತಾವಾಗಿಯೇ ತೆಗೆದುಕೊಳ್ಳಬಾರದವು

ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಗುಳಿಗೆಗಳು ಗರ್ಭದ 20 ವಾರಗಳ ಅನಂತರ ಶಿಶುವಿನ ಮೂತ್ರಪಿಂಡವನ್ನೂ ಗರ್ಭನೀರನ್ನೂ ಬಾಧಿಸಬಲ್ಲವು. ಜ್ವರಕ್ಕೆ, ನೋವಿಗೆ ವೈದ್ಯರು ಹೇಳಿದ ಮಿತಿಯಲ್ಲಿ ಪ್ಯಾರಾಸಿಟಮಾಲ್ ಸಾಕು. ಡಾಕ್ಸಿಸೈಕ್ಲಿನ್ ಜಾತಿಯ ಜೀವಾಣುನಾಶಕಗಳು ಮಗುವಿನ ಹಲ್ಲಿಗೆ ಕಲೆ ತರುತ್ತವೆ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಶಿಶುವಿಗೆ ಘೋರ ವೈಕಲ್ಯ ತರಬಲ್ಲದು. ಗರ್ಭಪಾತದ ಗುಳಿಗೆಯನ್ನು ಗುಟ್ಟಾಗಿ ತಂದು ನುಂಗಿದರೆ ರಕ್ತಸ್ರಾವದಿಂದ ಪ್ರಾಣಾಪಾಯವಾಗಬಹುದು. ಗರ್ಭ ಉಳಿದರೆ ಶಿಶುವಿಗೆ ಹಾನಿಯಾಗಬಹುದು.

"ಗಿಡಮೂಲಿಕೆ ತಾನೇ, ಏನೂ ಆಗದು" ಎನ್ನುವವರಿಗೆ ಆಯುರ್ವೇದ ವೈದ್ಯನಾಗಿಯೇ ಹೇಳಬೇಕಾದ ಮಾತೊಂದಿದೆ. ಗುಣ ಮಾಡುವ ಶಕ್ತಿಯಿರುವ ಮೂಲಿಕೆಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಸೋನಾಮುಖಿ, ಲೋಳೆಸರದ ಹಳದಿ ರಸ, ಹೆಚ್ಚು ಪ್ರಮಾಣದ ಹರಳೆಣ್ಣೆ, ಇವೆಲ್ಲ ವಿರೇಚಕಗಳು, ಶಾಸ್ತ್ರವೇ ನಿಷೇಧಿಸಿದವು. ಜೇಷ್ಠಮಧುವಿನ ಅತಿಬಳಕೆ ರಕ್ತದೊತ್ತಡವನ್ನು ಏರಿಸುತ್ತದೆ. ಪಾದರಸ, ಸೀಸ ಮುಂತಾದವುಗಳಿಂದ ತಯಾರಾದ ಭಸ್ಮ, ಸಿಂಧೂರಗಳನ್ನೂ ವತ್ಸನಾಭದಂಥ ವಿಷದ್ರವ್ಯ ಸೇರಿದ ಗುಳಿಗೆಗಳನ್ನೂ ಗರ್ಭಿಣಿ ತಾನಾಗಿ ಸೇವಿಸಲೇಬಾರದು. ಅಡುಗೆಯ ಜೀರಿಗೆ, ಶುಂಠಿ, ಮೆಂತ್ಯೆ ಬೇರೆ. ಅವನ್ನೇ ಕುದಿಸಿ ಇಳಿಸಿದ ದಿನನಿತ್ಯದ ಕಷಾಯ ಬೇರೆ.

ಗಂಡು ಮಗುವಾಗಲೆಂದು ಗುಟ್ಟಾಗಿ ಕೊಡುವ ಪುಡಿಯಂತೂ ಸರ್ವಥಾ ವರ್ಜ್ಯ. ಮಗು ಹೆಣ್ಣೋ ಗಂಡೋ ಎಂಬುದು ಗರ್ಭ ಕಟ್ಟಿದ ಕ್ಷಣದಲ್ಲಿಯೇ, ತಂದೆಯ ಬೀಜದಿಂದ, ತೀರ್ಮಾನವಾಗಿರುತ್ತದೆ. ಆಮೇಲೆ ಯಾವ ಔಷಧವೂ ಅದನ್ನು ಬದಲಿಸದು. ಅದರಲ್ಲಿ ಏನು ಬೆರೆತಿದೆಯೆಂಬುದು ಕುಡಿದವಳಿಗೂ ತಿಳಿಯದು, ಕುಡಿಸಿದವರಿಗೂ ತಿಳಿಯದು.

ಕೆಂಪು ಗುಳಿಗೆಯ ಕಥೆ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಸದ ಬುಟ್ಟಿ ಸೇರುವುದು ಕಬ್ಬಿಣದ ಕೆಂಪು ಗುಳಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52.2ರಷ್ಟು ಮಂದಿ ರಕ್ತಹೀನರು. ಹಿಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಯ ಚಿಕಿತ್ಸೆ ಅಗತ್ಯ. ಅಂಥ ತಾಯಿಗೆ ಹೆರಿಗೆಯಲ್ಲಿ ಹೋಗುವ ಸಾಧಾರಣ ಪ್ರಮಾಣದ ರಕ್ತವೂ ಪ್ರಾಣಕ್ಕೆ ಎರವಾಗಬಹುದು.

ಸರಕಾರ ಉಚಿತವಾಗಿ ಕೊಡುವ ಈ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಸೇವಿಸಬೇಕು. ಮಲ ಕಪ್ಪಾಗುವುದು ಸಹಜ. ಅದರಿಂದ ಮಗು ಕಪ್ಪಾಗುವುದಿಲ್ಲ. ವಾಕರಿಕೆಯಾದರೆ ರಾತ್ರಿ ಊಟದ ಬಳಿಕ ಸೇವಿಸಬಹುದು. ಇಂಡಿಯ ಲಿಂಬೆ ನಾಡಿಗೆಲ್ಲ ಹೆಸರುವಾಸಿ. ಅದರ ಶರಬತ್ತಿನೊಡನೆ ಸೇವಿಸಿದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಚಹಾದೊಂದಿಗೆ ಬೇಡ, ಕ್ಯಾಲ್ಸಿಯಂ ಗುಳಿಗೆಯೊಂದಿಗೂ ಬೇಡ. ಸಜ್ಜೆ ರೊಟ್ಟಿ, ರಾಜಗಿರಿ ಪಲ್ಯ, ಹೆಸರುಕಾಳು, ಶೇಂಗಾ ಇವೆಲ್ಲ ಬೇಕು. ಆದರೆ ಗರ್ಭಕಾಲದ ಅಗತ್ಯವನ್ನು ಆಹಾರವೊಂದೇ ತುಂಬಲಾರದು.

ತವರಿಗೆ ಹೊರಡುವ ಮುನ್ನ

ನಮ್ಮ ಭಾಗದಲ್ಲಿ ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ದಾರಿಯಲ್ಲಿ. ಕುಬುಸ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವಾಗ ಸೀರೆ, ಉಡಿಯಕ್ಕಿ, ಬುತ್ತಿ ಎಲ್ಲವೂ ಗಾಡಿ ಏರುತ್ತವೆ. ತಾಯಿ ಕಾರ್ಡು ಮತ್ತು ಗುಳಿಗೆಯ ಡಬ್ಬಿ ಅತ್ತೆಯ ಮನೆಯ ಗೂಡಿನಲ್ಲಿಯೇ ಉಳಿಯುತ್ತವೆ. ದುಡಿಯಲು ಗೋವೆ, ಮಹಾರಾಷ್ಟ್ರದ ಕಡೆ ಹೋಗುವ ಕುಟುಂಬಗಳಲ್ಲಿಯೂ ಹೀಗೆಯೇ. ಏಳನೆಯ ತಿಂಗಳ ಅನಂತರವೇ ರಕ್ತದೊತ್ತಡ ಏರುವ ಸಂಭವ ಹೆಚ್ಚು; ಆ ಹೊತ್ತಿಗೆ ಹೊಸ ಊರಿನ ವೈದ್ಯರ ಕೈಯಲ್ಲಿ ಹಿಂದಿನ ಚೀಟಿ ಇರುವುದಿಲ್ಲ. ಹೊರಡುವ ಮುನ್ನ ಕಾರ್ಡು, ಚೀಟಿ, ರಕ್ತಪರೀಕ್ಷೆಯ ವರದಿ ಹಾಗೂ ಒಂದು ತಿಂಗಳ ಗುಳಿಗೆಗಳನ್ನು ಒಂದೇ ಚೀಲದಲ್ಲಿಟ್ಟುಕೊಳ್ಳಿ. ತವರೂರಿನ ಆಶಾ ಕಾರ್ಯಕರ್ತೆಗೆ ಮೊದಲ ವಾರದಲ್ಲಿಯೇ ತಿಳಿಸಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆಯಿರುತ್ತದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಆಸ್ಪತ್ರೆಯಿದೆ.

ಔಷಧ ಬರೆದುಕೊಟ್ಟ ವೈದ್ಯರನ್ನು ಐದು ಪ್ರಶ್ನೆ ಕೇಳಲು ಸಂಕೋಚ ಬೇಡ. ಇದು ಯಾವ ತೊಂದರೆಗೆ? ಸೇವಿಸದಿದ್ದರೆ ನನಗೂ ಮಗುವಿಗೂ ಏನಾಗಬಹುದು? ಗರ್ಭದ ಈ ತಿಂಗಳಲ್ಲಿ ಇದು ಸಲ್ಲುತ್ತದೆಯೆ? ಇದಕ್ಕಿಂತ ಮೃದುವಾದುದು ಇದೆಯೆ? ಎಷ್ಟು ದಿನ ಸೇವಿಸಬೇಕು? ಈಗಾಗಲೇ ಸೇವಿಸುತ್ತಿರುವ ಗುಳಿಗೆ, ಕಷಾಯ, ಪುಡಿಗಳೆಲ್ಲವನ್ನೂ ಮುಚ್ಚಿಡದೆ ಹೇಳಿ. ಆಯುರ್ವೇದ ಔಷಧವನ್ನು ಹೇಳಿದರೆ ಅಲೋಪಥಿ ವೈದ್ಯರು ಬೈಯುತ್ತಾರೆಂದೋ ಅಲೋಪಥಿಯದನ್ನು ಹೇಳಿದರೆ ನಾವು ಬೈಯುತ್ತೇವೆಂದೋ ಅಂಜಬೇಡಿ. ತಿಳಿಯದ ಔಷಧದಿಂದಲೇ ಅಪಾಯ ಹೆಚ್ಚು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾವು, ಮೂರ್ಛೆ, ರಕ್ತಸ್ರಾವ, ವಿಪರೀತ ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಸೊಸೆಯ ಗುಳಿಗೆಯ ವಿಷಯವನ್ನು ಅವಳಿಲ್ಲದ ಪಡಸಾಲೆಯಲ್ಲಿ ತೀರ್ಮಾನಿಸಬೇಡಿ. ಅವಳನ್ನೂ ಮಗನನ್ನೂ ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ. ನಿಮ್ಮ ಅಂಜಿಕೆಯನ್ನು ಅವರ ಮುಂದೆಯೇ ಹೇಳಿ. ಉತ್ತರವನ್ನು ಅವಳೂ ಕೇಳಲಿ. ರೋಗವನ್ನೂ ಔಷಧವನ್ನೂ ಹೊರುವುದು ಅವಳ ದೇಹ. ತಿಳಿದು ಒಪ್ಪಿದ ಔಷಧವನ್ನು ಅವಳು ಹೊತ್ತು ತಪ್ಪದೆ ಸೇವಿಸುತ್ತಾಳೆ. ಈ ತಿಂಗಳು ತಮ್ಮ ಮನೆಯಲ್ಲಿ ಗರ್ಭಿಣಿಯಿದ್ದರೆ ಗೂಡಿನಲ್ಲಿರುವ ಗುಳಿಗೆಯ ಡಬ್ಬಿಯನ್ನೂ ತಾಯಿ ಕಾರ್ಡನ್ನೂ ಒಮ್ಮೆ ಹೊರತೆಗೆದು, ಬರುವ 9ನೆಯ ತಾರೀಖಿನಂದು ಅವಳೊಡನೆ ಆಸ್ಪತ್ರೆಗೆ ಒಯ್ಯಿರಿ.